ಗೂಬೆ ಕೋಣೆಯ ವ್ಯಾಪಾರ

ಎಲ್ಲ ಶುರುವಾದದ್ದು ಮೊಮ್ಮಗುವಿನ ನಾಮಕರಣದಲ್ಲಿ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ತಾತ, ವಕ್ಕಲೇರಿಯ ದನದ ದಲ್ಲಾಳಿ ಗಂಗುಲಪ್ಪ, ಚಪ್ಪರದ ಮೂಲೆಯಲ್ಲಿ ಬೀಗರ ಅಣ್ಣನ ಕೈ ಹಿಡಿದು ಎಮ್ಮೆಯೊಂದರ ಬೆಲೆ ಕಟ್ಟುತ್ತಿದ್ದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ, ಸುತ್ತಲಿನವರಿಗೆ ಸುಳಿವು ಸಿಗಬಾರದಲ್ಲ. ಆದರೆ ಹೆಂಡತಿ ಬೈರಮ್ಮನಿಗೆ ಸಿಕ್ಕಿಬಿಟ್ಟಿತು.

"ನಾಳಿದ್ದಿಗೆ ಮದ್ವೆಯಾಗಿ ಮೂವತ್ತು ವರ್ಷ. ಅವತ್ತೊಂದು ದಿನ ವ್ಯಾಪಾರ ಬಿಟ್ಟು ನನ್ ಜೊತೆ ಇರಿ. ಆ ಟವೆಲ್ ಕೆಳಗೆ ಕೈ ಹೋಯ್ತೋ, ನಾನು ರಾಯಲ್ಪಾಡು ಬಸ್ ಹತ್ತಿದೆ ಅಂತಲೇ ತಿಳ್ಕೊಳ್ಳಿ!"

ತವರಿನ ಹೆಸರೆತ್ತಿದ್ದಷ್ಟೇ ಅಲ್ಲ, ಬ್ಯಾಗನ್ನೂ ತುಂಬಿಸಿಟ್ಟಳು. ಗಂಗುಲಪ್ಪ ನಿಜಕ್ಕೂ ಹೆದರಿದ. ಬೈರಮ್ಮನಿಲ್ಲದ ಮನೆಯನ್ನು ನೆನೆಯುವುದೂ ಅವನಿಂದಾಗುತ್ತಿರಲಿಲ್ಲ. ಅದಕ್ಕೆ ಅರ್ಧ ಕಾರಣ ಅವಳ ಮುದ್ದೆ, ಸೊಪ್ಪಿನ ಸಾರು. ಉಳಿದರ್ಧ ಏನೆಂದು ಅವನು ಯಾವತ್ತೂ ಅವಳಿಗೆ ಹೇಳಿದವನಲ್ಲ. ವ್ಯಾಪಾರ ಮಾಡುವುದಿಲ್ಲವೆಂದು ಮಾತು ಕೊಟ್ಟ. ಕೋಳಿ ತಿಪ್ಪೆ ಕೆದಕುವುದಿಲ್ಲ ಎಂದು ಮಾತು ಕೊಟ್ಟಂತಾಯಿತು.

ಹೋಗುವ ಜಾಗವನ್ನು ಬೈರಮ್ಮನೇ ಗೊತ್ತು ಮಾಡಿದಳು. ಮಾಲೂರು ರಸ್ತೆಯ ನೀಲಗಿರಿ ತೋಪಿನ ಪಕ್ಕ ಒಂದು ಟ್ರಸ್ಟಿನವರು ನಡೆಸುವ ಪುಟ್ಟ ಮೃಗಾಲಯ. ಏಟು ಬಿದ್ದ ಪ್ರಾಣಿಗಳು, ಸಾಕಲಾರದೆ ಯಾರೋ ಬಿಟ್ಟುಹೋದವು ಅಲ್ಲಿರುತ್ತಿದ್ದವು. ಹತ್ತಿರ ಹೋಗಿ ಮುಟ್ಟಬಹುದು, ಮೇವು ತಿನ್ನಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಒಂದು ಪ್ರಾಣಿಯೂ ಮಾರಾಟಕ್ಕಿರಲಿಲ್ಲ.

ಓಮ್ನಿಯಲ್ಲಿ ಕರೆತಂದವನು ಅಜ್ಮತುಲ್ಲಾ. ಅವನೂ ಅದೇ ಕಸುಬಿನವನು, ಗಂಗುಲಪ್ಪನ ಹಳೆಯ ಜೊತೆಗಾರ.

ಒಳಗೆ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಗಂಗುಲಪ್ಪ ಗಿಡ್ಡ ಕುದುರೆಯೊಂದರ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. "ಆರು ವರ್ಷ ಅಂತ ಬೋರ್ಡ್ ಹಾಕವ್ರೆ. ಇದಕ್ಕೆ ಒಂಬತ್ತು ತುಂಬೈತೆ!" ಎಂದ. ವಯಸ್ಸು ಬಯಲಾದದ್ದು ಕುದುರೆಗೆ ಹಿಡಿಸಲಿಲ್ಲ. ಅವನ ಹೆಬ್ಬೆರಳನ್ನು ಕಚ್ಚಿತು.

"ಏನ್ರೀ ಅದು?" ಎಂದಳು ಬೈರಮ್ಮ.

"ಮುದ್ದು ಮಾಡ್ತಿದ್ದೆ ಕಣೇ," ಎಂದು ಅವನು ಬೆರಳನ್ನು ಪಂಚೆಯಲ್ಲಿ ಒರೆಸಿಕೊಂಡ.

ಮುಂದಿನದು ಎಮು ಹಕ್ಕಿ. ಗಂಗುಲಪ್ಪನ ಕೈ ಅಭ್ಯಾಸಬಲದಿಂದ ಅದರ ಬೆನ್ನ ಮೇಲೆ, ದನ ಕೊಳ್ಳುವಾಗ ನೋಡುವಂತೆ, ಕೂದಲಿನ ಸುಳಿ ಹುಡುಕತೊಡಗಿತು. ಎಮು ತಿರುಗಿ ಒಮ್ಮೆ ಅವನನ್ನು ನೋಡಿ, ಹೆಗಲ ಮೇಲಿದ್ದ ಟವೆಲ್ಲನ್ನು ಕೊಕ್ಕಿನಲ್ಲಿ ಕಿತ್ತುಕೊಂಡು ಓಡಿತು. ಹಿಂದೆ ಗಂಗುಲಪ್ಪ, ಅವನ ಹಿಂದೆ ಟ್ರಸ್ಟಿನ ಮೇಲ್ವಿಚಾರಕ ಚಂದ್ರಮೋಹನ್. ನೋಡುತ್ತಿದ್ದವರೆಲ್ಲ ಮೊಬೈಲ್ ಹಿಡಿದರು.

"ಬಿಟ್ಬಿಡ್ರೀ! ಅದರ ಹತ್ರಾನೇ ಇರ್ಲಿ ಆ ಟವೆಲ್ಲು!" ಎಂದು ಬೈರಮ್ಮ ಕೂಗಿದಳು. ಗಂಗುಲಪ್ಪ ಬಿಡಲಿಲ್ಲ. ಪಂಚೆ ಹರಿದುಕೊಂಡರೂ ಟವೆಲ್ಲು ಸಂಪಾದಿಸಿಕೊಂಡು ಬಂದ.

ಕೊನೆಯದು ಗೂಬೆ ಕೋಣೆ. ರೆಕ್ಕೆ ಮುರಿದ ಗೂಬೆಯೊಂದನ್ನು ಚಂದ್ರಮೋಹನ್ ತೋಳಿನ ಮೇಲೆ ಕೂರಿಸಿಕೊಂಡು ಒಬ್ಬೊಬ್ಬರ ಮೂಗಿನ ಮುಂದೆಯೇ ತರುತ್ತಾನೆ. ಅದಕ್ಕೆ ಬೆಳಕಾಗದು, ಸದ್ದಾಗದು. ಕಿಟಕಿಗಳಿಗೆ ದಪ್ಪ ಗೋಣಿತಾಟು. ಬೆಂಚಿನ ಮೇಲೆ ಸಾಲಾಗಿ ಕೂರಬೇಕು, ಮಾತಾಡಬಾರದು. ಗಂಗುಲಪ್ಪನ ಎಡಕ್ಕೆ ಅಜ್ಮತುಲ್ಲಾ ಕೂತ. ಬಲಕ್ಕೆ ಯಾರೋ ಬಂದು ಕೂತರು, ಕತ್ತಲಲ್ಲಿ ಕಾಣಲಿಲ್ಲ.

ಅಜ್ಮತುಲ್ಲಾ ಕಿವಿಯ ಬಳಿ ಬಾಗಿದ. "ಗಂಗುಲಣ್ಣ, ಬಲಗಡೆ ಬೆಂಗಳೂರು ಪಾರ್ಟಿ. ನಿನ್ ಪುಂಗನೂರು ಹಸು ಬೇಕಂತೆ."

ಗಂಗುಲಪ್ಪನ ಕಿವಿ ನೆಟ್ಟಗಾಯಿತು. ಸೊಂಟದೆತ್ತರಕ್ಕೂ ಬಾರದ ಆ ಪುಟ್ಟ ಹಸುವನ್ನು ಅವನು ಯುಗಾದಿಯಿಂದ ಅಂಗಳದಲ್ಲಿ ಕಟ್ಟಿಕೊಂಡು ಒಳ್ಳೆ ಗಿರಾಕಿಗಾಗಿ ಕಾಯುತ್ತಿದ್ದ. "ಬೇಡ ಕಣೋ. ಬೈರಮ್ಮ ಏನಾರ..."

"ಭಾಬಿ ಹೊರಗೆ ಮೊಲ ನೋಡ್ತಾವ್ರೆ."

ಅಷ್ಟರಲ್ಲಿ ಬಲಗಡೆಯಿಂದ ಒಂದು ಕೈ ಟವೆಲ್ಲಿನ ಕೆಳಗೆ ಬಂದು ಅವನ ಎರಡು ಬೆರಳು ಹಿಡಿಯಿತು. ಎರಡು ಲಕ್ಷ! ಗಂಗುಲಪ್ಪನ ಕೈ ಯಜಮಾನನನ್ನು ಕೇಳದೆ ಉತ್ತರ ಕೊಟ್ಟಿತು: ಐದು. ಆ ಕೈ ಒಪ್ಪಲಿಲ್ಲ. ಒರಟು ಕೈ, ಗಟ್ಟಿ ಹಿಡಿತ. ಇವನು ನಾಲ್ಕಕ್ಕಿಳಿದ. ಅದು ಕೈ ಕೊಡವಿ ಹೊರಟಂತೆ ಮಾಡಿ ಮತ್ತೆ ಬಂತು. ಇಂಥ ಎದುರಾಳಿ ಸಿಕ್ಕಿ ಎಷ್ಟು ಕಾಲವಾಗಿತ್ತು! ಗಂಗುಲಪ್ಪನಿಗೆ ಆ ಕೈಯ ಮೇಲೆ ಪ್ರೀತಿಯೇ ಹುಟ್ಟಿತು. ಮೂರು ಬೆರಳಿಗೆ ಬಂದು ನಿಂತಾಗ ಖುಷಿ ತಡೆಯಲಾರದೆ, "ಆಯ್ತು!" ಎಂದು ಅಬ್ಬರಿಸಿಬಿಟ್ಟ.

ಬೆದರಿದ ಗೂಬೆ ನೆಗೆದು ಅವನ ತಲೆಯ ಮೇಲೆ ಕುಳಿತಿತು. ಚಂದ್ರಮೋಹನ್ ಓಡಿಹೋಗಿ ಗೋಣಿತಾಟು ಸರಿಸಿದ. ಬೆಳಕು ಬಿತ್ತು.

ಬಲಕ್ಕೆ ಕೂತಿದ್ದವಳು ಬೈರಮ್ಮ. ಸದ್ದಾಗದಂತೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದಳು.

"ನಾನೇ ಅಜ್ಮತಣ್ಣನ ಕೈಲಿ ಹಂಗೆ ಹೇಳಿಸ್ದೆ. ವ್ಯಾಪಾರ ಮಾಡೇ ಮಾಡ್ತೀರ ಅಂತ ಗೊತ್ತಿತ್ತು, ಅದು ಹೋಗ್ಲಿ." ಅವಳು ಅಂಗೈಯನ್ನು ಅವನ ಮುಂದೆ ಚಾಚಿದಳು. "ಮೂವತ್ತು ವರ್ಷ ನಿಮಗೆ ಮುದ್ದೆ ತಿರುವಿದ ಕೈ ರೀ. ಗೊತ್ತೇ ಆಗ್ಲಿಲ್ವಾ?"

ಗಂಗುಲಪ್ಪನಿಗೆ ಚುರುಕ್ಕೆಂದಿತು. ಜಿಲ್ಲೆಯ ಅಷ್ಟೂ ದಲ್ಲಾಳಿಗಳ ಕೈಯನ್ನು ಕಣ್ಣುಮುಚ್ಚಿ ಗುರುತಿಸುವವನು ಈ ಒಂದು ಕೈಯಲ್ಲಿ ಸೋತಿದ್ದ. ರಾಯಲ್ಪಾಡಿನ ಬಸ್ಸು ಕಣ್ಣ ಮುಂದೆ ಹಾದುಹೋಯಿತು. ಆದರೆ ದಲ್ಲಾಳಿಯ ನಾಲಿಗೆ ಸುಮ್ಮನಿದ್ದೀತೇ?

"ಗೊತ್ತಾಗದೆ ಏನು? ಮುಟ್ಟಿದ ತಕ್ಷಣ ಗೊತ್ತಾಯ್ತು! ನಿನ್ ಕೈ ಅಂತಲೇ ಕೊಟ್ಟಿದ್ದು. ಬೇರೆಯವರಾಗಿದ್ರೆ ಕೊಡ್ತಿದ್ನಾ? ಹೆಂಡ್ತಿ ಕೈ ಹಿಡಿದ್ರೆ ಅದು ವ್ಯಾಪಾರಾನಾ ಕಣೇ?"

ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬೈರಮ್ಮ ಕಣ್ಣೊರೆಸಿಕೊಂಡಳು. "ನಿಜವಾಗ್ಲೂ?"

"ತಲೆ ಮೇಲಿರೋ ಈ ಗೂಬೆ ಆಣೆಗೂ!"

"ಹಂಗಾದ್ರೆ ನಾನು ಅಂತ ಗೊತ್ತಿದ್ದೇ 'ಆಯ್ತು' ಅಂದ್ರಿ. ಹಸು ನಂದು."

ಗಂಗುಲಪ್ಪ ಅಜ್ಮತುಲ್ಲಾನ ಕಡೆ ನೋಡಿದ. "ಆಯ್ತು ಅಂದ್ಮೇಲೆ ಆಯ್ತು, ಗಂಗುಲಣ್ಣ. ನಾನೇ ಸಾಕ್ಷಿ," ಎಂದ ಆ ಜೊತೆಗಾರ.

"ಮತ್ತೆ ದುಡ್ಡು?" ಎಂದು ಗಂಗುಲಪ್ಪ ಕ್ಷೀಣವಾಗಿ ಕೇಳಿದ.

ಬೈರಮ್ಮ ಅವನ ಜೇಬಿಗೇ ಕೈ ಹಾಕಿ, ಮೂರು ನೋಟು ತೆಗೆದು ಅವನ ಅಂಗೈಯಲ್ಲಿಟ್ಟಳು. "ಮೂರು ತಾನೆ? ತಗೊಳ್ಳಿ." ಆಮೇಲೆ ಚಂದ್ರಮೋಹನ್ ಕಡೆ ತಿರುಗಿದಳು. "ಸಾರ್, ನಾಳೆ ನಮ್ ಪುಂಗನೂರು ಹಸು ಇಲ್ಲಿಗೆ ಕಳಿಸ್ತೀನಿ. ಮಕ್ಕಳು ಮುಟ್ಲಿ, ಆಡ್ಲಿ. ಯಾರಿಗೂ ಮಾರಬೇಡಿ, ಅದರಲ್ಲೂ ಇವರಿಗೆ!"

ವಾಪಸು ಬರುವಾಗ ಓಮ್ನಿಯ ಹಿಂದಿನ ಸೀಟಿನಲ್ಲಿ ಬೈರಮ್ಮ ಗಂಡನ ಕೈ ಹಿಡಿದೇ ಕೂತಿದ್ದಳು. ಇನ್ನೊಮ್ಮೆ ಮರೆಯದ ಹಾಗೆ ಗುರುತಿರಲಿ ಎಂದಳು. ಅರ್ಧ ದಾರಿ ಸವೆಯುವವರೆಗೆ ಗಂಗುಲಪ್ಪ ತಡೆದುಕೊಂಡ. ಆಮೇಲೆ ಟವೆಲ್ಲನ್ನು ಮೆಲ್ಲಗೆ ಇಬ್ಬರ ಕೈಮೇಲೂ ಎಳೆದು, ಅವಳ ಐದೂ ಬೆರಳು ಒತ್ತಿದ.

"ಐದಕ್ಕೂ ಹಸು ಕೊಡಲ್ಲ, ಮುಗಿದ ವ್ಯಾಪಾರ. ಸುಮ್ನೆ ಕೂತ್ಕೊಳ್ರೀ," ಎಂದಳು ಬೈರಮ್ಮ.