ಸೈಕಲ್ಲಿಗೆ ಗೊತ್ತಿದ್ದ ಮನೆ

ಇದು ನಿನ್ನಿಂದ ಆಗುವ ಕೆಲಸವಲ್ಲ ಎಂದು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಮುನಿಕೃಷ್ಣಪ್ಪ. ಹಾಗೆ ಹೇಳುವುದು ಅವರಿಗೆ ಹಳೆಯ ಅಭ್ಯಾಸ. ಬೆಳಗಿನ ಜಾವ ಅಪ್ಪನ ಜೊತೆ ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಮೂಟೆ ಇಳಿಸಿ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಿದ್ದ ಕಾಲದಲ್ಲೂ ಅವರು, "ನಮ್ಮ ವಂಶದಲ್ಲಿ ಡಿಗ್ರಿ ಅಂತ ಬಂದ್ರೆ ಅದು ಜ್ವರಕ್ಕೆ ಕಣೋ" ಎಂದಿದ್ದರು. ನಾನು ಬಿ.ಕಾಂ. ಮುಗಿಸಿದೆ. ಆ ಪದವಿಪತ್ರ ಇವತ್ತಿಗೂ ಹನುಮಂತನಗರದ ನಮ್ಮ ಮನೆಯ ಗೋಡೆಯ ಮೇಲೆ, ತಿಮ್ಮಪ್ಪನ ಪಟದ ಪಕ್ಕದಲ್ಲಿದೆ. ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಬಿಟ್ಟರೆ ನಮ್ಮ ಮನೆತನದಲ್ಲಿ ಅಚ್ಚಾದ ಹೆಸರು ಅದೊಂದೇ: ನಾಗರಾಜ. ಹೀಗಿರುವಾಗ ಐವತ್ತರ ಹತ್ತಿರ ಬಂದ ಮೇಲೆ ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ಬಸವನಗುಡಿಯ ಸೈಕಲ್ ತಂಡವೊಂದು ವರ್ಷಕ್ಕೊಮ್ಮೆ ಮಳವಳ್ಳಿಗೆ ಹೋಗಿ ಸಂಜೆಯೊಳಗೆ ವಾಪಸು ಬರುವ ಉದ್ದ ಸವಾರಿ ಮಾಡುತ್ತದೆ, ಮುಗಿಸಿದವರಿಗೆ ಸರ್ಟಿಫಿಕೇಟು ಕೊಡುತ್ತದೆ ಎಂದು ಕೇಳಿದೊಡನೆ ನನ್ನ ಕಣ್ಣು ಗೋಡೆಯ ಮೇಲೆ ಖಾಲಿಯಿದ್ದ ಇನ್ನೊಂದು ಮೊಳೆಯ ಕಡೆಗೆ ಹೋಯಿತು. ಮಾವ ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಬಸ್ಸಲ್ಲಿ ಹೋದ್ರೇ ನಿಂಗೆ ಸೊಂಟ ಹಿಡ್ಕೊಳತ್ತೆ. ಸೈಕಲ್ಲಲ್ಲಿ ಮಳವಳ್ಳಿಗೆ ಹೋಗ್ತಾನಂತೆ. ಸುಮ್ನಿರಪ್ಪಾ."

ಧನುರ್ಮಾಸದ ಚಳಿಯಲ್ಲಿ, ಇನ್ನೂ ಕತ್ತಲೆಯಿರುವಾಗ, ಮಗಳ ಹಳೆಯ ಗೇರ್ ಸೈಕಲ್ ಏರಿ ಗಾಂಧಿ ಬಜಾರಿಗೆ ಹೋದೆ. ಹೂವಿನವರು ಮೂಟೆ ಬಿಚ್ಚುತ್ತಿದ್ದರು. ಅವರಾಚೆ, ಮಂಜಿನೊಳಗೆ, ತಂಡ ನಿಂತಿತ್ತು. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಚಳಿಗೆಂದು ಮೂಗಿನವರೆಗೆ ಎಳೆದುಕೊಂಡ ಬಟ್ಟೆ. ಮುಖ ಎನ್ನುವುದು ಒಬ್ಬರಿಗೂ ಇರಲಿಲ್ಲ. ಹಿಂದಿನ ಕೆಂಪು ದೀಪಗಳು ಮಾತ್ರ ಉಸಿರಾಡುವ ಹಾಗೆ ಹತ್ತಿ ಆರುತ್ತಿದ್ದವು. ತಂಡದ ಮುಖ್ಯಸ್ಥ ಪ್ರಶಾಂತ್ ಎಂಬ ಯುವಕ ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಪರ್ವಾಗಿಲ್ಲ ಸರ್, ಶುರುವಿಗೆ ಇದೇ ಸಾಕು" ಎಂದ. ಹೆಸರು ಕೇಳಲಿಲ್ಲ. ಆ ತಂಡದ ಪದ್ಧತಿಯೇ ಹಾಗೆ ಎಂದು ಆಮೇಲೆ ಗೊತ್ತಾಯಿತು: ಅಲ್ಲಿ ಜನರನ್ನು ಗುರುತಿಸುವುದು ಸೈಕಲ್ಲಿನಿಂದ. ನನ್ನದರಲ್ಲಿ ಗುರುತಿಸುವಂಥದ್ದೇನೂ ಇರಲಿಲ್ಲ. ಮೊದಲ ಏರಿನಲ್ಲೇ ಅವರ ದೀಪಗಳು ಮಂಜಿನಲ್ಲಿ ಒಂದೊಂದಾಗಿ ಕರಗಿಹೋದವು. ನಾನು ಒಬ್ಬನೇ ಇಡ್ಲಿ ತಿಂದು ಮನೆಗೆ ಬಂದೆ.

ಕಷ್ಟಪಟ್ಟು ಓದಿದವನಿಗೆ ಒಂದು ದೊಡ್ಡ ರೋಗವಿರುತ್ತದೆ: ಯಾರಾದರೂ ಕಡಿಮೆಯಾಗಿ ನೋಡಿದರೆ ಅದಕ್ಕೆ ಬೇಕಾದ ಪುಸ್ತಕ ಕೊಂಡು ಓದಿ ಪಾಸಾಗಿಬಿಡೋಣ ಅನ್ನಿಸುತ್ತದೆ. ಇಲ್ಲಿ ಪುಸ್ತಕದ ಬದಲು ತಂಡದವರ ಬಳಿಯಿದ್ದಂಥ ಹಗುರವಾದ ಕಾರ್ಬನ್ ಸೈಕಲ್ ಬೇಕಿತ್ತು. ಹೊಸದರ ಬೆಲೆ ಕೇಳಿ ಅಂಗಡಿಯಿಂದ ಹಿಮ್ಮುಖವಾಗಿ ನಡೆದು ಹೊರಬಂದೆ. ಕೊನೆಗೆ ಮಾಮೂಲ್‌ಪೇಟೆಯ ಗಲ್ಲಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಮಾರುವವರ ಬಳಿ ಕಡುಹಸಿರು ಬಣ್ಣದ್ದೊಂದು ಸಿಕ್ಕಿತು. ಹ್ಯಾಂಡಲ್ಲಿಗೆ ಅರಿಶಿನ ಬಣ್ಣದ ಪಟ್ಟಿ. ಜೊತೆಗೆ ಹೆಲ್ಮೆಟ್ಟು, ಕಪ್ಪು ಕನ್ನಡಕ, ದಾರಿ ತೋರಿಸುವ ಪುಟ್ಟ ಮೀಟರು. ಎಷ್ಟು ಕೊಟ್ಟೆ ಎಂದು ಬರೆಯುವುದಿಲ್ಲ; ನನ್ನ ಹೆಂಡತಿ ಗಿರಿಜಾ ಇದನ್ನು ಓದುತ್ತಾಳೆ. "ಹಿರಿಯರೊಬ್ರು ಇಟ್ಕೊಂಡಿದ್ರು ಸಾರ್, ಮಗು ಥರ ನೋಡ್ಕೊಂಡಿದಾರೆ. ಮನೆಯೋರು ಮಾರಿದ್ರು" ಎಂದ ಅಂಗಡಿಯವನು. ಯಾಕೆ ಮಾರಿದರು ಎಂದೆ. ಅವನು ಚೈನಿಗೆ ಎಣ್ಣೆ ಬಿಡುತ್ತಾ, "ಟೈರು ಹೊಸದು ಸಾರ್" ಎಂದ. ಹೆಲ್ಮೆಟ್ ಹಾಕಿಕೊಂಡೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಸೀಟನ್ನು ಒಂದು ಬೆರಳಷ್ಟೂ ಏರಿಸಬೇಕಾಗಲಿಲ್ಲ, ಇಳಿಸಬೇಕಾಗಲಿಲ್ಲ. ಆಗ ಅದು ನನಗೆ ಅದೃಷ್ಟ ಅನ್ನಿಸಿತು.

ಮುಂದಿನ ಭಾನುವಾರ ಗಾಂಧಿ ಬಜಾರಿಗೆ ಹೋದಾಗ, ಪೆಡಲು ನಿಲ್ಲಿಸಿದೊಡನೆ ನನ್ನ ಹಿಂಚಕ್ರ ಜೀರುಂಡೆಯ ಹಾಗೆ ಕಿರ್ರೆಂದು ಕೂಗಿತು. ಮುಖವಿಲ್ಲದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. "ಓ! ಪ್ರೊಫೆಸರ್ ಬಂದ್ರು!" ಎಂದ ಪ್ರಶಾಂತ್. ಸಾಲಿನಲ್ಲಿ ಒಂದು ಸೈಕಲ್ ಹಿಡಿಯುವಷ್ಟು ಜಾಗ ಖಾಲಿಯಿತ್ತು. ಎಲ್ಲರೂ ಅದರ ಎರಡೂ ಕಡೆ ಬಿಗಿಯಾಗಿ ನಿಂತಿದ್ದರು, ಆದರೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಪ್ರಶಾಂತ್ ಕೈ ತೋರಿಸಿದ. ನಾನು ಹೋಗಿ ನಿಂತೆ. "ಆಪರೇಷನ್ ಆದ್ಮೇಲೆ ಸಣ್ಣ ಆಗಿದೀರ ಪ್ರೊಫೆಸರ್" ಎಂದಿತು ಪಕ್ಕದ ಹೆಲ್ಮೆಟ್ಟು. ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ಆದರೆ ಹುಟ್ಟಿದಾಗಿನಿಂದ ನನ್ನನ್ನು ಯಾರೂ ಪ್ರೊಫೆಸರ್ ಎಂದಿರಲಿಲ್ಲ. ಸಣ್ಣ ಆಗಿದೀರ ಎಂದಂತೂ ಇರಲೇ ಇಲ್ಲ. ಎರಡೂ ಒಟ್ಟಿಗೆ ಸಿಕ್ಕಿದಾಗ ಸ್ವಲ್ಪ ಹೊತ್ತು ಅನುಭವಿಸೋಣ ಅನ್ನಿಸಿತು. "ಎಡಗಾಲಿನ ಮಂಡಿ ಹೇಗಿದೆ?" ಎಂದು ಇನ್ನೊಂದು ಹೆಲ್ಮೆಟ್ಟು ಕೇಳಿತು. ನನ್ನ ಮಂಡಿಗೆ ಏನೂ ಆಗಿರಲಿಲ್ಲ. ಬ್ಯೂಗಲ್ ರಾಕ್ ಪಕ್ಕದ ಏರು ಹತ್ತುವಾಗ ಎಡಗಾಲಿನ ಮಂಡಿ ಸಣ್ಣಗೆ ನೋಯತೊಡಗಿತು.

ಕಾಫಿಗೆ ನಿಂತಾಗ ಕೇಳದೆಯೇ ಸಕ್ಕರೆಯಿಲ್ಲದ ಕಾಫಿ ನನ್ನ ಮುಂದೆ ಬಂತು. ಧೈರ್ಯ ಮಾಡಿ, "ನೋಡಿ, ನಾನು ಪ್ರೊಫೆಸರ್ ಅಲ್ಲ. ನಾಗರಾಜ ಅಂತ. ಅಕೌಂಟ್ಸ್‌ನಲ್ಲಿರೋದು" ಎಂದೆ. ಎಲ್ಲರೂ ನಕ್ಕರು. "ನಿಮ್ಮ ಜೋಕು ಮಾತ್ರ ಹೋಗಿಲ್ಲ ಗುರುಗಳೇ" ಎಂದ ಪ್ರಶಾಂತ್. ಅವನು ಮಾತಾಡುತ್ತಿದ್ದದ್ದು ನನ್ನ ಜೊತೆ, ಕೈ ಸವರುತ್ತಿದ್ದದ್ದು ಹಸಿರು ಸೈಕಲ್ಲಿನ ಬೆನ್ನನ್ನು. ಇದೇ ಹುಡುಗ ಹಿಂದಿನ ವಾರ ನನ್ನನ್ನು ನೋಡಿದ್ದ ಎನ್ನುವುದು ನೆನಪಾಗಿ ಲೋಟ ಕೆಳಗಿಟ್ಟೆ. ಅಂತೂ ಕುಡಿದೆ. ಕಹಿ ಅನ್ನಿಸಲಿಲ್ಲ.

ಮನೆಯಲ್ಲಿ ಇದನ್ನು ಮೊದಲು ಗಮನಿಸಿದವಳು ಗಿರಿಜಾ. "ಏನ್ರೀ, ಸಕ್ಕರೆ ಡಬ್ಬಿ ಖಾಲೀನೇ ಆಗ್ತಿಲ್ಲ?" ಎಂದು ಶುರುಮಾಡಿದವಳು ಒಂದು ಬೆಳಿಗ್ಗೆ ಕಸಬರಿಕೆ ಹಿಡಿದೇ ನಿಂತು ಕೇಳಿದಳು: "ನಿದ್ದೇಲಿ 'ಅರ್ಥ ಆಯ್ತಾ? ಹಿಂದಿನ ಬೆಂಚು, ಅರ್ಥ ಆಯ್ತಾ?' ಅಂತಿದ್ರಲ್ಲ, ಯಾರಿಗ್ರೀ ಪಾಠ?" ನಾನು ಕಾಲೇಜಿನಲ್ಲಿ ಕೂತದ್ದು ಹಿಂದಿನ ಬೆಂಚಿನಲ್ಲಿ, ಅದರ ಎದುರು ಎಂದೂ ನಿಂತವನಲ್ಲ. ನಗಲು ನೋಡಿದೆ. "ನಗ್ಬೇಡಿ. ಆ ನಗುನೂ ನಿಮ್ದಲ್ಲ" ಎಂದು ಅವಳು ಒಳಗೆ ಹೋದಳು.

ಆ ತಿಂಗಳಲ್ಲೇ ಒಂದು ದಿನ ನಂದಿಯ ಕಡೆಗೆ ಹೋಗಿ ಬರುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತಂಡ ನನ್ನಿಂದ ತಪ್ಪಿತೋ ನಾನು ತಂಡದಿಂದ ತಪ್ಪಿದೆನೋ ತಿಳಿಯಲಿಲ್ಲ. ಮೀಟರಿನಲ್ಲಿ ಮನೆಯ ಚಿತ್ರವಿದ್ದ ಗುಂಡಿ ಒತ್ತಿದೆ. ಬಾಣದ ಗುರುತು ಮೂಡಿತು. ಮೇಖ್ರಿ ಸರ್ಕಲ್ ದಾಟಿದ ಮೇಲೆ ಅದು ಬಲಕ್ಕೆ ಎಂದಿತು. ಬೆಂಗಳೂರಿನಲ್ಲೇ ಹುಟ್ಟಿದವನು ನಾನು, ಹನುಮಂತನಗರಕ್ಕೆ ಅದು ದಾರಿಯಲ್ಲ ಎಂದು ಗೊತ್ತು. ಆದರೆ ಅಷ್ಟು ಬೆಲೆಯ ಯಂತ್ರ ಹೇಳುವಾಗ ಬರೀ ಬಿ.ಕಾಂ. ಓದಿದವನು ಎದುರು ಮಾತಾಡುವುದು ಹೇಗೆ? ಒಳದಾರಿ ಇರಬೇಕು ಎಂದು ತಿರುಗಿಸಿದೆ. ಕುಮಾರ ಪಾರ್ಕಿನ ಒಂದು ಅಡ್ಡರಸ್ತೆ. ಮರಗಳಿಂದ ಮಂಜು ಹನಿಯುತ್ತಿತ್ತು. ಒಂದು ತಿರುವಿನಲ್ಲಿ ಬಾಣ ತೋರಿಸುವ ಮೊದಲೇ ನನ್ನ ಕೈ ತಿರುಗಿತ್ತು. ತಗ್ಗಿನ ಗೇಟಿನ ಹಳೆಯ ಮನೆಯೊಂದರ ಮುಂದೆ ಮೀಟರು ಸಂತೋಷದಿಂದ ಪೀಂ ಎಂದಿತು: ಮನೆ ಬಂತು. ಪೆಡಲು ನಿಲ್ಲಿಸಿದೆ, ಚಕ್ರ ಕಿರ್ರೆಂದಿತು. ಒಳಗಿನಿಂದ, ಇನ್ನೂ ದೀಪ ಹಾಕದ ವರಾಂಡದಿಂದ, ವಯಸ್ಸಾದ ಹೆಂಗಸಿನ ದನಿ ಬಂತು: "ಬಂದ್ರಾ? ಗೇಟು ಹಾಕ್ಕೊಂಡು ಬನ್ನಿ, ಹಸು ನುಗ್ಗತ್ತೆ."

ಆ ದನಿಯಲ್ಲಿ ಆಶ್ಚರ್ಯವಿರಲಿಲ್ಲ. "ಬಂದೆ" ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು ಎಂದರೆ ನಂಬುತ್ತೀರಾ? ಹೇಳಿದ ಮಾತು ಮೀರಬಾರದೆಂದು ಗೇಟು ಹಾಕಿದೆ, ಹೊರಗಿನಿಂದ. ಆಮೇಲೆ ಮಲ್ಲೇಶ್ವರ, ಮೆಜೆಸ್ಟಿಕ್ಕು, ಚಾಮರಾಜಪೇಟೆ ಯಾವುದೂ ಕಣ್ಣಿಗೆ ಬೀಳದ ಹಾಗೆ ತುಳಿದೆ. ನನ್ನ ಅತ್ಯಂತ ವೇಗದ ಸವಾರಿ ಅದೇ ಎಂದು ಮೀಟರು ಅಭಿನಂದಿಸಿತು.

ಅಷ್ಟಾದ ಮೇಲೂ ಸೈಕಲ್ ಮಾರಲಿಲ್ಲ, ಮಳವಳ್ಳಿ ಬಾಕಿಯಿತ್ತು. ಆ ಕಾಗದದ ಮೇಲೆ ನಾಗರಾಜ ಎಂದು ಅಚ್ಚಾಗಬೇಕು, ಅದನ್ನು ಗೋಡೆಗೆ ಹಾಕಿಬಿಟ್ಟರೆ ನಾನು ಯಾರೆನ್ನುವ ಗೊಂದಲ ಮುಗಿಯುತ್ತದೆ ಎಂದು ನನ್ನ ಲೆಕ್ಕ. "ಹೆಸರು ಸರಿಯಾಗಿ ಹಾಕು ಮಾರಾಯ" ಎಂದು ಪ್ರಶಾಂತನಿಗೆ ಹೇಳಿದೆ. "ಹಿಂದಿನ ವರ್ಷದ ಡೀಟೇಲ್ಸ್ ನಮ್ಮ ಹತ್ರಾನೇ ಇದೆ, ನೀವ್ ಆರಾಮಾಗಿರಿ" ಎಂದ. ಆರಾಮಾಗಿರುವುದು ಅಲ್ಲಿಗೆ ಮುಗಿಯಿತು.

ಮಳವಳ್ಳಿಗೆ ಹೋಗುವಾಗ ಪರವಾಗಿರಲಿಲ್ಲ. ವಾಪಸು ಬರುವಾಗ ಕನಕಪುರ ದಾಟಿದ ಮೇಲಿನ ಏರಿನಲ್ಲಿ ನನ್ನ ಕಥೆ ಮುಗಿಯಿತು. ಮಂಡಿ ಕಿತ್ತು ಬರುತ್ತಿತ್ತು. ಇಳಿದುಬಿಡೋಣ ಎಂದು ಕಾಲು ಸಡಿಲ ಬಿಟ್ಟೆ. ಪೆಡಲು ನಿಲ್ಲಲಿಲ್ಲ. ನನ್ನ ಕಾಲುಗಳು ಅದರ ಜೊತೆಗೆ ಸುಮ್ಮನೆ ಸುತ್ತುತ್ತಿದ್ದವು, ದೊಡ್ಡವರು ತುಳಿಯುವ ಸೈಕಲ್ಲಿನಲ್ಲಿ ಮುಂದೆ ಕೂತ ಮಗುವಿನ ಹಾಗೆ. ಏರು ಮುಗಿಯುವವರೆಗೂ ನೋವಿರಲಿಲ್ಲ. "ಮುಂದಿನವರ ಹಿಂದೇನೇ ಅಂಟ್ಕೊಂಡು ಬಂದ್ರೆ ಗಾಳಿ ತಡೆಯತ್ತೆ, ಅದಕ್ಕೆ ಹಾಗನ್ಸತ್ತೆ" ಎಂದು ಪ್ರಶಾಂತ್ ಆಮೇಲೆ ವಿಜ್ಞಾನ ಹೇಳಿದ. ನನ್ನ ಮುಂದೆ ಯಾರೂ ಇರಲಿಲ್ಲ.

ಸಂಜೆ ಬಸವನಗುಡಿಯ ಹೋಟೆಲಿನ ಮುಂದೆ ಸರ್ಟಿಫಿಕೇಟು ಹಂಚಿದರು. ನಾನು ಬೇಕೆಂದೇ ಹೆಲ್ಮೆಟ್ಟು, ಕನ್ನಡಕ, ಬಟ್ಟೆ ಎಲ್ಲ ತೆಗೆದು ಪೂರ್ತಿ ಮುಖ ಹೊತ್ತು ನಿಂತೆ. "ಪ್ರೊಫೆಸರ್ ಶೇಷಗಿರಿ!" ಎಂದು ಕೂಗಿದ ಪ್ರಶಾಂತ್. ಚಪ್ಪಾಳೆ ಬಿತ್ತು. ನಾನು ಅಲುಗಲಿಲ್ಲ. ಅವನೇ ಬಂದು, ನನ್ನ ತಲೆಯ ಕಡೆ ಒಂದು ಕ್ಷಣ ನೋಡಿ, "ಡೈ ಮಾಡಿಸಿದೀರಾ? ಚೆನ್ನಾಗ್ ಕಾಣತ್ತೆ" ಎನ್ನುತ್ತಾ ಕಾಗದವನ್ನು ಕೈಗಿಟ್ಟ. ಚಂದದ ಅಕ್ಷರ, ಚಿನ್ನದ ಅಂಚು. ನನ್ನ ಹೆಸರು ಎಲ್ಲೂ ಇಲ್ಲ. ಮನೆಯಲ್ಲಿ ಗಿರಿಜಾ ಅದನ್ನು ನೋಡಿ, "ಹೋಗಿ ಜಗಳ ಆಡಿ, ಬದಲಾಯಿಸ್ಕೊಂಡು ಬನ್ನಿ" ಎಂದಳು. ನ್ಯಾಯದ ಮಾತೇ. ಆದರೆ ಆ ಏರನ್ನು ನಾನೇ ಹತ್ತಿದೆ ಎಂದು ಎದೆ ಮುಟ್ಟಿ ಹೇಳಲಾರದೆ ಯಾರ ಹತ್ತಿರ ಜಗಳವಾಡಲಿ? ಮೂಟೆ ಹೊತ್ತು ಒಂದು ಕಾಗದ ಸಂಪಾದಿಸಿದವನಿಗೆ ಇನ್ನೊಬ್ಬರ ಕಾಗದವನ್ನು ಗೋಡೆಗೆ ಹಾಕಿಕೊಳ್ಳಲು ಆಗುವುದಿಲ್ಲ.

ಮರುದಿನ ಒಳ್ಳೆಯ ಬಿಸಿಲಿನಲ್ಲಿ ಮೀಟರಿನ ಗುಂಡಿ ಒತ್ತಿದೆ. ಕುಮಾರ ಪಾರ್ಕಿನ ಗೇಟಿನ ಮುಂದೆ ಚಕ್ರ ಕಿರ್ರೆನ್ನುವಷ್ಟರಲ್ಲಿ ಆ ಹೆಂಗಸು ಹೊರಗೆ ಬಂದಿದ್ದರು. ಬಿಳಿ ಕೂದಲು, ದಪ್ಪ ಕನ್ನಡಕ. ಮೊದಲು ನೋಡಿದ್ದು ಸೈಕಲ್ಲನ್ನು. "ಅವತ್ತು ಬಂದಿದ್ದು ನೀವೇನಾ? ಸದ್ಯ! ಇವ್ರು ಹೋಗಿ ವರ್ಷ ಆಗ್ತಾ ಬಂತು, ನಿಮಗೆಲ್ಲೋ ಭ್ರಮೆ ಅಂದ್ಲು ನಮ್ಮ ಸೊಸೆ. ನಾನೂ ಹೌದೇನೋ ಅಂದ್ಕೊಂಡಿದ್ದೆ" ಎಂದರು. ನಾನು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರು ಬಿಸಿಲಿಗೆ ಹಿಡಿದು, ಗಂಡನ ಹೆಸರಿನ ಮೇಲೆ ಬೆರಳಾಡಿಸುತ್ತಾ ನಿಧಾನವಾಗಿ ಓದಿದರು. "ಮೂರು ಸಲ ಹೋಗಿದ್ರು, ಮೂರು ಸಲಾನೂ ಕನಕಪುರದ ಹತ್ರ ಇಳಿದು ಲಾರಿ ಹತ್ಕೊಂಡು ಬಂದ್ರು. ಈ ಸಲ ಮುಗಿಸಿದಾರೆ ನೋಡಿ" ಎಂದರು. ಕಾಗದವನ್ನು ಎದೆಗೊತ್ತಿಕೊಂಡರು. ಆಮೇಲೆ ತಲೆಯೆತ್ತಿ, ಸೈಕಲ್ಲನ್ನು ಬಿಟ್ಟು, ನನ್ನ ಮುಖವನ್ನೇ ನೋಡಿ ಕೇಳಿದರು:

"ಅಲ್ಲಾ, ಇಷ್ಟೊತ್ತಾದ್ರೂ ಕೇಳ್ಲೇ ಇಲ್ಲ ನೋಡಿ. ನಿಮ್ಮ ಹೆಸರೇನಪ್ಪಾ?"