ಚಾಲೂ ಆಗದ ಸ್ಕೂಟರ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಿನಿಮಾದ ಸ್ಕೂಟರ್ ಕೆಂಪಗಿತ್ತು ಎಂದು ನನ್ನ ಡೈರಿಯಲ್ಲಿದೆ, ಬೂದು ಬಣ್ಣದ್ದು ಎಂದು ಕಾಕಾ ಆಣೆ ಮಾಡುತ್ತಾರೆ. ಡೈರಿ ಬರೆದವಳೂ ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬಲಾರೆ. ಆದರೆ ಒಂದು ಮಾತು ಖರೆ: ನಮ್ಮ ಕಾಕಾರಷ್ಟು ಶ್ರದ್ಧೆಯಿಂದ ಸಿನಿಮಾ ನೋಡುವವರು ಇಡೀ ಪುಣೆಯಲ್ಲಿಲ್ಲ. ಗಣಪತಿ ಕೂಡುವ ಮೊದಲು ಹಚ್ಚಿದ ಸಿನಿಮಾ, ದೀಪಾವಳಿಯ ಚಕ್ಕುಲಿ ಮುಗಿದರೂ ಇನ್ನೂ ಪರದೆಯ ಮೇಲೆ ಅದರ ಹೆಸರು ಬೀಳುವ ತನಕ ಬಂದಿರಲಿಲ್ಲ!

ಕಾಕಾಗೆ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ, ಧನಕವಡಿಯಲ್ಲಿ ಮನೆ. ಅಂಗಡಿಯಲ್ಲಿ ದಿನವಿಡೀ ಮರಾಠಿ ಮಾತಾಡಿ ಬರುವ ಅವರು ಮನೆಗೊಂದು ಕಾಯ್ದೆ ಮಾಡಿದ್ದರು: “ಹೊಸ್ತಿಲ ಒಳಗ ಕನ್ನಡ ಅಷ್ಟ!” ಒಳ್ಳೆಯದೇ. ಆದರೆ ಹುಟ್ಟಿದ್ದೂ ಕಲಿತದ್ದೂ ಪುಣೆಯಲ್ಲೇ ಆದ ಹದಿನಾರರ ಮಗಳು ಮಾತಿನಲ್ಲಿ ಎಲ್ಲಾದರೂ ಎಡವಿದಳೋ, ಕಾಕಾ ಹೊಟ್ಟೆ ಕುಣಿಸಿ ನಗುವರು. ಅಷ್ಟಕ್ಕೆ ಬಿಡುವರೇ? ಬೆಳಗಾವಿಯ ನನ್ನ ಸೋದರತ್ತೆಗೆ ಫೋನು ಮಾಡಿ, ಆ ತಪ್ಪನ್ನು ಅಭಿನಯಸಹಿತ ವರ್ಣಿಸಿ, ಅವರನ್ನೂ ನಗಿಸುವರು.

ಒಂದು ದಿನ ಹುಡುಗಿ ಮನೆಯೊಳಗೆ ಮಾತು ನಿಲ್ಲಿಸಿದಳು. ಜಗಳವಿಲ್ಲ, ಅಳುವಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತರೆ ಫೋನಿನಲ್ಲಿ ಗೆಳತಿಯರೊಂದಿಗೆ ಮರಾಠಿಯ ಸುರಿಮಳೆ. ಒಳಗೆ ಬಂದರೆ ಗಪ್‌ಚಿಪ್. ಚಟ್ನಿ ಬೇಕಾದರೆ ಬೆರಳು ತೋರಿಸುವಳು. ಕಾಯ್ದೆ ಮುರಿದಳೇ? ಇಲ್ಲವಲ್ಲ! ಬೈಯಲಿಕ್ಕೂ ದಾರಿಯಿಲ್ಲ.

“ಕಾಯ್ದೆ ಮಾಡಿದವ್ರೂ ನೀವ, ಈಗ ಒಳಗ ಸಿಕ್ಕೊಂಡವ್ರೂ ನೀವ!” ಎಂದು ಕಾಕು ರೊಟ್ಟಿ ತಟ್ಟುತ್ತಲೇ ಗಂಡನನ್ನು ಚುಚ್ಚಿದರು.

ಕಾಕಾ ಆಸೆ ತೋರಿಸಿದರು, ಗದರಿದರು, ಹೊಸ ಚೂಡಿದಾರದ ಬಟ್ಟೆ ತಂದರು. ಹುಡುಗಿ ಬಟ್ಟೆ ತೆಗೆದುಕೊಂಡಳು, ಮಾತು ಕೊಡಲಿಲ್ಲ. ಕಡೆಗೆ ಅವಳೇ ಅಪ್ಪನ ಫೋನಿಗೆ ಒಂದು ಸಿನಿಮಾದ ಲಿಂಕ್ ಕಳಿಸಿದಳು. ಕೆಳಗೆ ಮರಾಠಿಯಲ್ಲಿ ಒಂದೇ ಸಾಲು: ಮೊದಲು ಇದನ್ನು ನೋಡಿ, ಆಮೇಲೆ ನಾನೇಕೆ ಮಾತಾಡುವುದಿಲ್ಲ ಎಂದು ಕೇಳಿ.

ಪುಣೆಯದೇ ಕೊಂಢವಾದಲ್ಲಿ ರೂಮು ಮಾಡಿಕೊಂಡಿದ್ದ ನನಗೆ ಕಾಕಾ ಫೋನು ಮಾಡಿದರು. “ನೀ ಎಂ.ಎ. ಮಾಡೀದಿ. ಲಗೂನ ಬಾ, ಅರ್ಥ ಮಾಡಿಕೊಡು.”

ಹದಿಹರೆಯದವರ ಬದುಕನ್ನು ಇದ್ದದ್ದು ಇದ್ದಂತೆ ತೋರಿಸುವ ವಾಸ್ತವವಾದಿ ಸಿನಿಮಾ ಅದು, ಹಾಡಿಲ್ಲ, ಹೊಡೆದಾಟವಿಲ್ಲ. ಟಿವಿಗೆ ಹಚ್ಚಿದೆ. ಆರಂಭ ಇಷ್ಟೇ: ಹಳೆಯ ಕಟ್ಟಡದ ಕೆಳಗೆ ನಿಂತ ಸ್ಕೂಟರಿನ ಮೇಲೆ ಒಬ್ಬ ಹುಡುಗಿ ಹೆಲ್ಮೆಟ್ ಹಾಕಿಕೊಂಡು ಕೂತಿದ್ದಾಳೆ. ಮೇಲಿನಿಂದ ತಾಯಿ ಕರೆಯುತ್ತಾಳೆ. ಹುಡುಗಿ ಓಗೊಡುವುದಿಲ್ಲ, ಸ್ಕೂಟರ್ ಚಾಲೂ ಮಾಡುವುದೂ ಇಲ್ಲ. ತಾಯಿ ಮತ್ತೆ ಕರೆಯುತ್ತಾಳೆ.

ಕಾಕಾ ಅಲ್ಲಿಗೇ ನಿಲ್ಲಿಸಿದರು. “ಪೆಟ್ರೋಲ್ ಇಲ್ಲ.”

“ಕಾಕಾ, ಅದು ಸಾಂಕೇತಿಕ...”

“ಇರ್ಲಿ ಬಿಡು. ವಾಸ್ತವ ಪಿಕ್ಚರ್ ಅಂದಿ. ನಿಂತ ಗಾಡಿ ಮ್ಯಾಲೆ ಹೆಲ್ಮೆಟ್ ಹಾಕ್ಯಾಳ! ಪುಣೆದಾಗ ಓಡೋ ಗಾಡಿ ಮ್ಯಾಲೇ ಯಾರೂ ಹಾಕೂದಿಲ್ಲ!”

ಮತ್ತೆ ಮೊದಲಿನಿಂದ. ಮುಂದಿನ ಭಾನುವಾರ ಬ್ಯಾಟರಿ ಹೋಗಿದೆ ಎಂದರು. ಅದರ ಮುಂದಿನ ಭಾನುವಾರ, ಕೀಲಿಕೈ ಮೇಲೆಯೇ ಮರೆತು ಬಂದಿದ್ದಾಳೆ, ಕೇಳಲು ನಾಚಿಕೆ ಎಂದರು. ಇಂಥ ವಿಮರ್ಶೆಯನ್ನು ಯಾವ ವಿಶ್ವವಿದ್ಯಾಲಯ ಕಲಿಸೀತು?

ನನಗೆ ಸಾಕಾಗಿ, ಬೆಂಗಳೂರಿನ ಕಡೆಯವಳಾದ ನನ್ನ ರೂಮ್‌ಮೇಟಳನ್ನು ಕರೆದೊಯ್ದೆ. ಐಟಿಯವಳು, ಸಿನಿಮಾದ ಹುಚ್ಚಿನವಳು.

“ಅಂಕಲ್, ಬೇಸಿಕಲಿ ಇದು ಲಾಂಗ್ ಟೇಕ್. ಒಂದೂ ಕಟ್ ಇಲ್ಲ, ಅಬ್ಸರ್ವ್ ಮಾಡಿದ್ರಾ?”

“ಮಾಡಿದೆನ್ರಿ. ನಮ್ಮ ಅಂಗಡಿಗೆ ತಂದಿದ್ರ ನಾನ ಕಟ್ ಮಾಡಿ ಕೊಡ್ತಿದ್ದೆ. ಕತ್ತರಿ ಭಾಳ ಹರಿತ ಅದ!”

ಅವಳು ಮತ್ತೆ ಧನಕವಡಿಯ ಕಡೆ ತಲೆ ಹಾಕಲಿಲ್ಲ. ಟ್ರಾಫಿಕ್ ಜಾಸ್ತಿಯಂತೆ!

“ಮುಂದೆ ನೋಡೋಣ ಕಾಕಾ, ಆಮೇಲೆ ಆ ಹುಡುಗಿ ಮಾತಾಡಬಹುದು,” ಎಂದು ಎಷ್ಟು ಸಲ ಹೇಳಿದೆನೋ.

“ಇಷ್ಟ ತಿಳೀಲಿಲ್ಲಂದ್ರ ಮುಂದ ಹೋಗಿ ಏನ್ ಮಾಡ್ಲಿ? ಅಳತಿ ತಪ್ಪಿದ ಮ್ಯಾಲೆ ಹೊಲದು ಏನ್ ಉಪಯೋಗ?”

ಹೀಗೆ ನಮ್ಮ ವಾದ ಏರಿದಾಗೆಲ್ಲ ಒಳಕೋಣೆಯ ಬಾಗಿಲ ಕೆಳಗೆ ಎರಡು ಪಾದಗಳ ನೆರಳು ಬಂದು ನಿಲ್ಲುತ್ತಿತ್ತು. ಕಾಕಾ ಅದನ್ನು ಕಂಡಿದ್ದರೇ? ಕಂಡಿದ್ದರು ಅನಿಸುತ್ತದೆ. ಪ್ರತಿ ಸಲವೂ ಟಿವಿಯ ದನಿಯನ್ನು ತುಸು ಏರಿಸುತ್ತಿದ್ದರು.

ದೀಪಾವಳಿ ಕಳೆದ ಮೇಲಿನ ಒಂದು ಮಧ್ಯಾಹ್ನ. ಮಗಳು ಹೊರಗೆ ಮೆಟ್ಟಿಲ ಮೇಲೆ ಫೋನಿನಲ್ಲಿದ್ದಳು. ಕಾಕಾ ಆ ದೃಶ್ಯವನ್ನು ಮೊದಲ ಬಾರಿಗೆ ಎಲ್ಲೂ ನಿಲ್ಲಿಸದೆ ನೋಡಿದರು. ಪೆಟ್ರೋಲಿನ ಸುದ್ದಿಯಿಲ್ಲ, ಬ್ಯಾಟರಿಯ ಸುದ್ದಿಯಿಲ್ಲ.

“ಅಕಿ ಸಿಟ್ಟಿಗೆದ್ದಿಲ್ಲ ನೋಡವಾ,” ಎಂದರು ಮೆಲ್ಲಗೆ. “ಬಾಯಿ ತಗೀತಾಳ, ಮುಚ್ಚತಾಳ. ಓ ಅನಬೇಕಂತಾಳ. ಅಂದ್ರ ಎಲ್ಲಿ ನಗ್ತಾರೋ ಅಂತ ಅಂಜ್ಯಾಳ.”

ನಾನು ಆಮೇಲೆ ನನ್ನ ರೂಮಿನಲ್ಲಿ ಆ ದೃಶ್ಯವನ್ನು ಹತ್ತಿರದಿಂದ ನೋಡಿದೆ. ಹೆಲ್ಮೆಟ್ಟಿನೊಳಗಿನ ಬಾಯಿ ಕಾಣುವಷ್ಟು ಬೆಳಕೇ ಅಲ್ಲಿಲ್ಲ. ಕಾಕಾ ನೋಡಿದ್ದು ಯಾರ ಬಾಯಿಯನ್ನೋ!

ಕಾಕಾ ಎದ್ದರು, ಹೊಸ್ತಿಲು ದಾಟಿ ಹೋಗಿ ಮಗಳ ಪಕ್ಕ ಕೂತರು. ಫೋನಿನ ಮಾತು ನಿಂತಿತು. ಗಿರಾಕಿಗಳೊಂದಿಗೆ ಬಳಸಿ ಸವೆದ ಮರಾಠಿಯಲ್ಲಿ ಅವರು ಏನನ್ನೋ ನಿಧಾನವಾಗಿ ಹೇಳತೊಡಗಿದರು. ದರ, ಬಣ್ಣ, ಅಳತೆಗಳ ಆಚೆಗೆ ಆ ಮರಾಠಿಗೆ ರೂಢಿಯಿರಲಿಲ್ಲ. ನಡುವೆ ಎಲ್ಲೋ ಎಡವಿತು. ಮಗಳು ಕಿಸಕ್ಕನೆ ನಕ್ಕಳು. ಕಾಕಾ ಅವಳನ್ನು ನಗಲು ಬಿಟ್ಟರು. ನಗು ಮುಗಿಯುವ ತನಕ ಕಾದು, ಮತ್ತೆ ಮಾತು ಮುಂದುವರಿಸಿದರು.

ಕತ್ತಲಾಗುವ ಹೊತ್ತಿಗೆ ಇಬ್ಬರೂ ಒಳಗೆ ಬಂದರು. ಹುಡುಗಿ ಕಾಕುವಿನ ಬಳಿ ಕನ್ನಡದಲ್ಲಿ ಚಹಾ ಕೇಳಿದಳು. ಸರಿಯಾಗಿ ಕೇಳಿದಳೋ ತಪ್ಪಾಗಿ ಕೇಳಿದಳೋ, ನನಗೆ ನೆನಪಿಲ್ಲ. ಯಾರೂ ನಗಲಿಲ್ಲ, ಅದು ನೆನಪಿದೆ.

ಕಾಕಾ ಕೂಡ ಹದಿನಾರಕ್ಕೇ ಊರು ಬಿಟ್ಟು, ಮರಾಠಿಯ ಗಂಧವಿಲ್ಲದೆ ಕ್ಯಾಂಪಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದವರು. ಆ ದಿನಗಳ ಬಗ್ಗೆ, ಇಷ್ಟು ಮಾತಾಳಿಯಾದ ಮನುಷ್ಯ, ಒಂದು ಮಾತೂ ಆಡಿದ್ದಿಲ್ಲ. ಅಂದು ಟಿವಿ ಆರಿಸುತ್ತಿದ್ದ ಅವರನ್ನು ನಾನು ಕೇಳಿದೆ:

“ಕಾಕಾ, ನೀವು ಹೊಸದಾಗಿ ಬಂದಾಗ, ನಿಮ್ಮ ಮಾತಿಗೆ ಯಾರು ನಕ್ಕಿದ್ರು?”