ಕಾಲುವೆ ದಂಡೆಯ ಸೊಂಡಿಲ ಗಾಡಿ

ಹೊಸ ಯಂತ್ರ ಬಂದ ಕಡೆ ಜನ ಸೇರುತ್ತಾರೆ, ಜನ ಸೇರಿದ ಕಡೆ ಏನಾದರೊಂದು ಆಗಿಯೇ ಆಗುತ್ತದೆ. ಭೀಮರಾಯನಗುಡಿ ಹತ್ತಿರ ಕಾಲುವೆ ದುರಸ್ತಿಗೆ ಬಂದ ಟೆಲಿಸ್ಕೋಪಿಕ್ ಫೋರ್ಕ್‌ಲಿಫ್ಟ್‌ಗೆ ನಾನು ಡ್ರೈವರ್. ಟ್ರ್ಯಾಕ್ಟರಿನಂಥ ಮೈ, ಒಂದರೊಳಗಿಂದ ಒಂದು ಹೊರಬಂದು ಮುಂದಕ್ಕೆ ಚಾಚುವ ತೋಳು, ತುದಿಗೆ ಎರಡು ಕಬ್ಬಿಣದ ಪಟ್ಟಿ. ಜನ ಅದಕ್ಕೆ ಸೊಂಡಿಲ ಗಾಡಿ ಎಂದು ಹೆಸರಿಟ್ಟರು. ಎಂಜಿನಿಯರ್ ಸಾಹೇಬರು ಮೊದಲ ದಿನವೇ ಹೇಳಿದ್ದರು: "ನೀರು ಬಿಡೋದ್ರೊಳಗ ಗೇಟ್ ಕೂಡ್ರಸಬೇಕು. ಇಲ್ಲಂದ್ರ ಗಾಡೀನೂ ವಾಪಸ್, ನೀನೂ ವಾಪಸ್." ಶಹಾಪುರದಲ್ಲಿ ಆಗಷ್ಟೇ ಮನೆ ಮಾಡಿ ಹೆಂಡತಿಯನ್ನು ಕರೆತಂದಿದ್ದೆ. ನನಗೆ ಹೆದರಿಕೆ ಹತ್ತಿತು.

ಆರು ನಿಂಬೆಹಣ್ಣು

ಪೂಜೆಗೆ ನಾಲ್ಕು ಗಾಲಿಯಡಿ ನಾಲ್ಕು ನಿಂಬೆಹಣ್ಣು ಇಟ್ಟೆ. ಮೇಸ್ತ್ರಿ ಬಗ್ಗಿ ನೋಡಿ, "ಮುಂದ ಎರಡು ಕಾಲ್ ಅದಾವಲ್ಲೋ, ಅವಕ್ಕ?" ಎಂದ. ಭಾರ ಎತ್ತುವಾಗ ಗಾಡಿ ಅಲುಗದಂತೆ ನೆಲಕ್ಕೆ ಊರುವ ಕಾಲು ಅವು. ಅವಕ್ಕೂ ಒಂದೊಂದು ಇಟ್ಟೆವು. ಲಿವರ್ ಎಳೆದೆ, ಕಾಲು ಇಳಿದವು, ರಸ ಚಿಮ್ಮಿ ನೇರ ಮೇಸ್ತ್ರಿಯ ಕಣ್ಣಿಗೆ ಹೋಯಿತು.

"ಪೂಜಿ ಚಲೋ ಆತು ಬಿಡ್ರಿ," ಎಂದ ಕಣ್ಣುಜ್ಜುತ್ತ, "ನನಗಷ್ಟ ಏನೂ ಕಾಣವಲ್ದು."

ಕೊಡದ ಪಾಠ

ತೋಳು ಹತ್ತಿರವಿದ್ದರೆ ಈ ಗಾಡಿ ಎಷ್ಟೋ ಭಾರ ಎತ್ತುತ್ತದೆ. ದೂರ ಚಾಚಿದಷ್ಟೂ ತಾಕತ್ತು ಕಡಿಮೆ. ಮಿತಿ ಮೀರಿದರೆ ಪೀಂ ಪೀಂ ಎಂದು ಕೂಗಿ ನಿಂತುಬಿಡುತ್ತದೆ. ಮೇಸ್ತ್ರಿ ನಂಬಲಿಲ್ಲ. "ಇಲ್ಲಿ ಎತ್ತಿದ್ದು ಅಲ್ಲಿ ಎತ್ತಂಗಿಲ್ಲಂದ್ರ ಮೈಗಳ್ಳ ಗಾಡಿ ಅದು."

ಕ್ಯಾಂಪಿನಲ್ಲಿ ಅಡುಗೆ ಮಾಡುವ ಅವ್ವ ತುಂಬಿದ ಕೊಡವನ್ನು ಅವನ ಕೈಗೆ ಕೊಟ್ಟಳು. "ಎದಿಗೆ ಹಿಡ್ಕೊ. ಆತಾ? ಈಗ ಕೈ ಚಾಚು ನೋಡೂನು."

ಚಾಚಿದ. ಕೊಡ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಾಹೇಬರ ಬೂಟಿನ ಮೇಲೆ ಬಿತ್ತು.

"ಕೆಡವಾಕಿಂತ ಮೊದ್ಲ ಗಾಡಿ ಕೂಗ್ತದ," ಎಂದಳು ಅವ್ವ, "ನೀ ಅದೂ ಮಾಡ್ಲಿಲ್ಲ."

ತೊಗರಿಗೆ ಚಪ್ಪಾಳೆ

ನೀರು ಬಿಡುವ ಹಿಂದಿನ ದಿನ ಆಚೆ ದಂಡೆಯ ತೂಬಿಗೆ ಗೇಟ್ ಇಳಿಸಬೇಕಿತ್ತು. ನೋಡಿದರೆ, ನನ್ನ ಗಾಡಿ ನಿಲ್ಲಬೇಕಾದ ಜಾಗದಲ್ಲೇ ಸಮಾರಂಭದ ಮರದ ವೇದಿಕೆ! ಮುಖ ಕಾಲುವೆಯ ಕಡೆ, ಬೆನ್ನಿಗೆ ದೊಡ್ಡ ಬೋರ್ಡು. ಅದರ ಹಿಂದಿನಿಂದ ತೋಳು ಚಾಚಿದರೆ ಪೀಂ ಪೀಂ.

"ವೇದಿಕಿ ಮುಟ್ಟಬ್ಯಾಡ, ದೊಡ್ಡವರು ಬರ್ತಾರ," ಎಂದರು ಸಾಹೇಬರು. ಹಿಂದೆ ಭಾರವಾಗಿ ಬಂಡಿಯ ನೊಗ ಮೇಲೆದ್ದರೆ ಮುಂದೆ ಜನರನ್ನು ಕೂರಿಸುತ್ತಾರಲ್ಲ, ಹಾಗೆ ಮೇಸ್ತ್ರಿ ಹನ್ನೆರಡು ಮಂದಿಯನ್ನು ನನ್ನ ಗಾಡಿಯ ಹಿಂದೆ ಹತ್ತಿಸಿದ. ನೌಕರಿ ಹೋದರೆ ಹೋಗಲಿ, ಗಾಡಿ ಮುಗ್ಗರಿಸಿ ಜನ ಕಾಲುವೆಗೆ ಬೀಳುವುದು ಬೇಡ ಎಂದು ಎಲ್ಲರನ್ನೂ ಇಳಿಸಿದೆ.

ಊಟದ ಬುಟ್ಟಿ ಇಳಿಸುತ್ತ ಅವ್ವ ಕೇಳಿದಳು: "ಗೇಟ್ ಇಲ್ದ ನೀರು ಬಿಡಂಗಿಲ್ಲ. ನೀರೇ ಬರ್ಲಿಲ್ಲಂದ್ರ ದೊಡ್ಡವರು ಅಲ್ಲಿ ಕುಂತು ಏನ್ ನೋಡ್ತಾರ್ರಿ ಸಾಹೇಬ್ರ?"

ಸಾಹೇಬರು ಒಪ್ಪಿದರು. ವೇದಿಕೆಯ ಕೆಳಗೆ ಪಟ್ಟಿ ತೂರಿಸಿ, ಬೋರ್ಡಿನ ಸಮೇತ ಎತ್ತಿ ಪಕ್ಕಕ್ಕಿಟ್ಟೆ. ಮುಂದೆ ಹೋಗಿ ಗೇಟ್ ಕೂರಿಸಿದೆ. ವೇದಿಕೆಯನ್ನು ಮತ್ತೆ ಎತ್ತಿ, ಗಾಡಿ ತಿರುಗಿಸಿಕೊಂಡು ಬಂದು ಮೊದಲಿದ್ದ ಜಾಗದಲ್ಲೇ ಇಟ್ಟು, ಖುಷಿಯಿಂದ ಮನೆಗೆ ಹೋದೆ.

ಮರುದಿನ ಅತಿಥಿಗಳು ಕುಳಿತಾಗ ನೋಡುತ್ತೇನೆ, ವೇದಿಕೆ ಹಿಂದುಮುಂದಾಗಿತ್ತು! ಎದುರಿಗೆ ಹೊಲ, ಕಾಲುವೆ ಬೋರ್ಡಿನ ಹಿಂದೆ. ಗೇಟ್ ಎತ್ತಿದರು, ಬೋರ್ಡಿನ ಆಚೆ ನೀರು ಭೋರೆಂದು ನುಗ್ಗಿತು. ಮುಖ್ಯ ಅತಿಥಿಗಳು, ಬರೀ ಮಳೆಗೆ ಬೆಳೆದ ಎದುರಿನ ತೊಗರಿಯನ್ನು ನೋಡಿ, "ನಮ್ಮ ಕಾಲುವಿ ನೀರಿಗೆ ಬೆಳಿ ಹೆಂಗ ಬಂದದ ನೋಡ್ರಿ!" ಎಂದು ಚಪ್ಪಾಳೆ ತಟ್ಟಿದರು. ಹೊಲದ ಯಜಮಾನನೂ ತಟ್ಟಿದ.

ಸಾಹೇಬರು ನನ್ನ ಕಡೆಗೇ ಬಂದರು. ಗಂಟುಮೂಟೆ ಕಟ್ಟಬೇಕಾಯಿತು ಎಂದುಕೊಂಡೆ. ಅವರು ಕಿವಿಯಲ್ಲಿ ಹೇಳಿದರು: "ಗಾಡೀನೂ ಇಲ್ಲೇ ಇರ್ಲಿ, ನೀನೂ ಇರು. ಇನ್ನ ಮ್ಯಾಲ ವೇದಿಕಿ ನೀನೇ ಇಡಬೇಕು. ನೀರು ಬರದಿದ್ರೂ ನಡೀತದ!"